ನಾಯಿಯ ಕೂದಲಿದೆ, ಅದರಿಂದ ನಾಯಿಯನ್ನು ಮತ್ತೆ ಹುಟ್ಟಿಸಬಹುದಾ?

ಪ್ರಶ್ನೆ: 13 ವರ್ಷ ಜೊತೆಗಿದ್ದ ನಮ್ಮ ನಾಯಿ ಹೋದ ವರ್ಷ ತೀರಿಕೊಂಡಿತು. ಅದರ ಕೂದಲು ಸ್ವಲ್ಪ ಎತ್ತಿಟ್ಟುಕೊಂಡಿದ್ದೇನೆ. ಕೆಲವು ಕಂಪನಿಗಳು ಸತ್ತ ನಾಯಿಯನ್ನು ಕ್ಲೋನ್ ಮಾಡಿಕೊಡುತ್ತವೆ ಅಂತ ಓದಿದೆ. ಬಯೋಟೆಕ್ನಾಲಜಿ ಓದುತ್ತಿರುವ ಮಗಳನ್ನು ಕೇಳಿದರೆ, "ಕ್ಲೋನಿಂಗ್ ನಮ್ಮ ಲ್ಯಾಬ್‌ನಲ್ಲಿ ಮಾಮೂಲಿ, ಎರಡು ಮೂರು ದಿನದ ಕೆಲಸ" ಅನ್ನುತ್ತಾಳೆ. ಹಾಗಾದರೆ ನಾಯಿಗೆ ಯಾಕೆ ಅಷ್ಟು ಕಷ್ಟ? ಕೂದಲಿನಿಂದ ಆಗುತ್ತದಾ? ಆದರೂ ಅದು ನಮ್ಮ ನಾಯಿಯೇ ಆಗಿರುತ್ತದಾ?

ಉತ್ತರ: ಕೂದಲಿನಿಂದ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸುಮ್ನೆ ಆಸೆ ಇಟ್ಟುಕೊಂಡು ಕೊನೆಯವರೆಗೂ ಓದುವುದು ಬೇಡ. ನಾಯಿ ಹೋದ ಕೆಲವೇ ದಿನಗಳ ಒಳಗೆ ಚರ್ಮದ ಒಂದು ಚೂರು ತೆಗೆದು ಅದರ ಕೋಶಗಳನ್ನು ಉಳಿಸಿಕೊಂಡಿದ್ದರೆ, ಒಂದು ಮರಿ ಹುಟ್ಟುವ ಸಾಧ್ಯತೆ ಇತ್ತು. ಆ ಮರಿ ನಿಮ್ಮ ನಾಯಿಗೆ ತಡವಾಗಿ ಹುಟ್ಟಿದ ಅವಳಿ ಆಗಿರುತ್ತಿತ್ತು. ನಿಮ್ಮ ನಾಯಿ ಆಗಿರುತ್ತಿರಲಿಲ್ಲ.

ನಿಮ್ಮ ಮಗಳು ಹೇಳಿದ್ದೂ ನಿಜವೇ. ಅವಳ ಕ್ಲೋನಿಂಗ್ ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಡಿಎನ್ಎ ನಕಲು ಮಾಡುವುದು ಅವಳ ಲ್ಯಾಬ್‌ನಲ್ಲೂ ಕಷ್ಟವಲ್ಲ, ನಾಯಿಯ ವಿಷಯದಲ್ಲೂ ಕಷ್ಟವಲ್ಲ. ಪ್ರತಿ ಜೀವಕೋಶವೂ ಎರಡಾಗುವಾಗ ಆ ಕೆಲಸ ತಾನೇ ಮಾಡಿಕೊಳ್ಳುತ್ತದೆ, ಯಾರೂ ಕಲಿಸಬೇಕಿಲ್ಲ. ನಾಯಿಯ ತೊಡಕು ಇರುವುದು ಬೇರೆ ಕಡೆ. ಬೆಳೆದು ಚರ್ಮವಾಗಿಬಿಟ್ಟ ಕೋಶವನ್ನು ಮತ್ತೆ ಮೊದಲಿನಿಂದ ಶುರು ಮಾಡಿಸಬೇಕು.

ಮಗಳ ಕೆಲಸವನ್ನು ಮೊದಲು ನೋಡೋಣ. ಅವಳಿಗೆ ಬೇಕಾಗಿರುವುದು ಯಾವುದೋ ಒಂದು ಜೀನ್, ಅಂದರೆ ಡಿಎನ್ಎಯ ಒಂದು ತುಂಡು. ಅದರ ಪ್ರತಿಗಳು ಕೋಟಿಗಟ್ಟಲೆ ಬೇಕು. ಎಷ್ಟೋ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯ ಕ್ರೋಮೋಸೋಮ್ ಜೊತೆಗೆ ಪ್ಲಾಸ್ಮಿಡ್ ಅನ್ನುವ ಪುಟ್ಟ ಉಂಗುರದ ಆಕಾರದ ಡಿಎನ್ಎ ಇರುತ್ತದೆ. ಅದನ್ನು ಒಂದು ಕಡೆ ಕತ್ತರಿಸಿ, ನಡುವೆ ತನ್ನ ಜೀನ್ ಸೇರಿಸಿ, ಮತ್ತೆ ಉಂಗುರ ಮಾಡುತ್ತಾಳೆ. ಕತ್ತರಿಸುವುದಕ್ಕೆ ಕಿಣ್ವಗಳಿವೆ. ಇಕೋಆರ್‌ಐ ಅನ್ನುವ ಕಿಣ್ವ ಡಿಎನ್ಎ ಉದ್ದಕ್ಕೂ (ಅದು ಎ, ಟಿ, ಜಿ, ಸಿ ಅನ್ನುವ ನಾಲ್ಕು ರಾಸಾಯನಿಕ ಅಕ್ಷರಗಳ ಸಾಲು) ಜಿಎಎಟಿಟಿಸಿ ಅನ್ನುವ ಆರು ಅಕ್ಷರಗಳ ಸಾಲು ಎಲ್ಲಿದೆಯೋ ಅಲ್ಲಿ ಮಾತ್ರ ಕತ್ತರಿಸುತ್ತದೆ. ಅದೂ ನೇರವಾಗಿ ಅಲ್ಲ, ಎರಡು ಎಳೆಗಳನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ. ಹಾಗಾಗಿ ತುದಿಯಲ್ಲಿ ನಾಲ್ಕು ಅಕ್ಷರದ ಒಂಟಿ ಎಳೆ ಚಾಚಿಕೊಂಡಿರುತ್ತದೆ. ಅದೇ ಕಿಣ್ವ ಕತ್ತರಿಸಿದ ಇನ್ನೊಂದು ತುಂಡು ಸಿಕ್ಕರೆ ಎರಡೂ ತಾವಾಗಿ ಜೋಡಿಯಾಗುತ್ತವೆ. ಲೈಗೇಸ್ ಅನ್ನುವ ಇನ್ನೊಂದು ಕಿಣ್ವ ಬೆಸುಗೆ ಹಾಕುತ್ತದೆ.

ಈಗ ಇದು ಬ್ಯಾಕ್ಟೀರಿಯಾದ ಒಳಗೆ ಹೋಗಬೇಕು. ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ಹದ ಮಾಡಿದ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾದ ಕೋಶಗಳ ಪುಟ್ಟ ಟ್ಯೂಬ್ ಐಸ್ ಮೇಲಿರುತ್ತದೆ. ಅದಕ್ಕೆ ಪ್ಲಾಸ್ಮಿಡ್ ಹಾಕಿ, ಅರ್ಧ ಗಂಟೆ ಕಾದು, 42 ಡಿಗ್ರಿ ನೀರಿನಲ್ಲಿ ಮುಕ್ಕಾಲು ನಿಮಿಷ ಇಟ್ಟು, ತಕ್ಷಣ ವಾಪಸ್ ಐಸ್‌ಗೆ. ಈ ಬಿಸಿಯ ಪೆಟ್ಟಿಗೆ ಕೆಲವು ಕೋಶಗಳು ಪ್ಲಾಸ್ಮಿಡ್ ಒಳಗೆ ಎಳೆದುಕೊಳ್ಳುತ್ತವೆ. ಕೆಲವು ಅಂದರೆ ನಿಜಕ್ಕೂ ಕೆಲವೇ. ಬಹುಪಾಲಿಗೆ ಏನೂ ಸಿಕ್ಕಿರುವುದಿಲ್ಲ. ಅದಕ್ಕೇ ಪ್ಲಾಸ್ಮಿಡ್‌ನಲ್ಲಿ ಆಂಪಿಸಿಲಿನ್ ಅನ್ನುವ ಆಂಟಿಬಯಾಟಿಕ್ ತಡೆದುಕೊಳ್ಳುವ ಜೀನ್ ಒಂದನ್ನು ಮೊದಲೇ ಇಟ್ಟಿರುತ್ತಾರೆ. ಆಂಪಿಸಿಲಿನ್ ಬೆರೆಸಿದ ಅಗಾರ್ ಪ್ಲೇಟ್ ಮೇಲೆ ಎಲ್ಲವನ್ನೂ ಹರಡಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟರೆ, ಪ್ಲಾಸ್ಮಿಡ್ ಇಲ್ಲದವು ಸಾಯುತ್ತವೆ. ಬೆಳಿಗ್ಗೆ ನೋಡಿದರೆ ಪ್ಲೇಟ್ ಮೇಲೆ ಚುಕ್ಕಿಗಳು. ಒಂದೊಂದು ಚುಕ್ಕಿಯೂ ಒಂದೇ ಒಂದು ಕೋಶದ ಸಂತಾನ. ಇದರಲ್ಲಿ ಇನ್ನೊಂದು ಜಾಣತನವೂ ಇದೆ. ಜೀನ್ ಸೇರದೆ ಹಾಗೇ ಮುಚ್ಚಿಕೊಂಡ ಪ್ಲಾಸ್ಮಿಡ್ ಇದ್ದರೆ ಚುಕ್ಕಿ ನೀಲಿಯಾಗುವಂತೆ, ಜೀನ್ ಸೇರಿದ್ದರೆ ಬಿಳಿಯಾಗಿಯೇ ಉಳಿಯುವಂತೆ ಏರ್ಪಾಡು ಮಾಡಬಹುದು. ಮಗಳು ಟೂತ್‌ಪಿಕ್ ತುದಿಯಲ್ಲಿ ಒಂದು ಬಿಳಿ ಚುಕ್ಕಿ ಎತ್ತಿಕೊಂಡರೆ ಕೆಲಸ ಮುಗಿಯಿತು.

ಇಡೀ ಕೆಲಸದಲ್ಲಿ ಅವಳು ಒಂದು ಅಕ್ಷರವನ್ನೂ ನಕಲು ಮಾಡಿಲ್ಲ, ಅಲ್ವಾ? ಅದನ್ನೆಲ್ಲ ಮಾಡಿದ್ದು ಬ್ಯಾಕ್ಟೀರಿಯಾ. ಅದು ಅನುಕೂಲ ಇದ್ದರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಹತ್ತು ಗಂಟೆ ಅದೇ ವೇಗದಲ್ಲಿ ನಡೆದರೆ ಒಂದು ಕೋಶ 100 ಕೋಟಿ ದಾಟುತ್ತದೆ. ಅವಳು ಮಾಡಿದ್ದು ಸರಿಯಾದ ಒಂದನ್ನು ಆರಿಸಿದ್ದು ಮಾತ್ರ. ಬ್ಯಾಕ್ಟೀರಿಯಾಕ್ಕೂ ಇದು ಹೊಸ ಕೆಲಸವಲ್ಲ. ಅದು ದಿನಾ ಮಾಡುವುದನ್ನೇ ಇವತ್ತೂ ಮಾಡಿದೆ, ಒಂದು ತುಂಡು ಡಿಎನ್ಎ ಜಾಸ್ತಿ ಹೊತ್ತುಕೊಂಡು.

1973ರಲ್ಲಿ ಸ್ಟ್ಯಾನ್ಲಿ ಕೋಹೆನ್, ಹರ್ಬರ್ಟ್ ಬಾಯರ್ ಮತ್ತು ಅವರ ಜೊತೆಗಾರರು ಇದನ್ನು ಮಾಡಿ ತೋರಿಸಿದರು. ಮರುವರ್ಷವೇ ಕಪ್ಪೆಯ ಡಿಎನ್ಎ ಬ್ಯಾಕ್ಟೀರಿಯಾದೊಳಗೆ ನಕಲಾಗುತ್ತಿತ್ತು. 1978ರಲ್ಲಿ ಮನುಷ್ಯರ ಇನ್ಸುಲಿನ್ ಅನ್ನು ಇ. ಕೋಲಿಯಲ್ಲಿ ತಯಾರಿಸಿದರು, 1982ರಲ್ಲಿ ಅದು ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಪಡೆಯಿತು. ಅಲ್ಲಿಯವರೆಗೆ ಇನ್ಸುಲಿನ್ ಬರುತ್ತಿದ್ದುದು ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯಿಂದ. ಕ್ಲೋನಿಂಗ್ ಅಂದಕೂಡಲೇ ಕುರಿ, ನಾಯಿ ನೆನಪಾಗುತ್ತವೆ. ನನ್ನನ್ನು ಕೇಳಿದರೆ ಜನರ ಬದುಕಿಗೆ ಹೆಚ್ಚು ಉಪಕಾರ ಮಾಡಿರುವುದು ಈ ಸದ್ದಿಲ್ಲದ ಪ್ಲೇಟ್ ಕೆಲಸವೇ.

ಈಗ ನಿಮ್ಮ ಕೂದಲಿಗೆ ಬರೋಣ. ಕೂದಲಿಗೆ ಬುಡ ಅಂಟಿಕೊಂಡಿದ್ದರೆ ಅದರಲ್ಲಿ ನಿಮ್ಮ ನಾಯಿಯ ಡಿಎನ್ಎ ಇನ್ನೂ ಇರುತ್ತದೆ. ಮಗಳು ಮನಸ್ಸು ಮಾಡಿದರೆ ಅದರಿಂದ ಒಂದು ಜೀನ್ ತೆಗೆದು ಕ್ಲೋನ್ ಮಾಡಬಹುದು. ಉದಾಹರಣೆಗೆ ಎಂಸಿ1ಆರ್ ಅನ್ನುವ ಜೀನ್. ನಾಯಿಯ ಮೈಬಣ್ಣ ಕಪ್ಪೋ ಹಳದಿಯೋ ಅನ್ನುವುದರಲ್ಲಿ ಅದರ ಪಾತ್ರ ದೊಡ್ಡದು. ಪ್ರೋಟೀನಿಗೆ ಬೇಕಾದ ಅದರ ಭಾಗ ಸಾವಿರ ಅಕ್ಷರವೂ ಇಲ್ಲ, ಸುಲಭವಾಗಿ ಸಿಗುತ್ತದೆ. ಆದರೆ ನಾಯಿಯ ಪೂರ್ತಿ ಡಿಎನ್ಎ ಸುಮಾರು 240 ಕೋಟಿ ಅಕ್ಷರ, 39 ಜೋಡಿ ಕ್ರೋಮೋಸೋಮ್‌ಗಳಲ್ಲಿ ಮಡಚಿ ಇಟ್ಟಿರುವುದು. ಒಣಗಿದ ಕೂದಲಿನಲ್ಲಿ ಅದು ಚೂರುಚೂರಾಗಿರುತ್ತದೆ. ಆ ಚೂರುಗಳನ್ನು ಓದಬಹುದು, ಕಂಪ್ಯೂಟರಿನಲ್ಲಿ ಜೋಡಿಸಬಹುದು. ಓದಿದ್ದನ್ನು ವಾಪಸ್ 39 ಜೋಡಿ ಕ್ರೋಮೋಸೋಮ್ ಮಾಡಿ ಕೋಶದೊಳಗೆ ಕೂರಿಸುವ ದಾರಿ ಇವತ್ತಿಗೆ ಇಲ್ಲ. ಬುಡ ಇಲ್ಲದ ಕೂದಲಿನಲ್ಲಂತೂ ಉಳಿದಿರುವುದು ಹೆಚ್ಚಾಗಿ ಮೈಟೊಕಾಂಡ್ರಿಯಾದ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗಗಳ ಡಿಎನ್ಎ. ತಮಾಷೆ ಅಂದರೆ, ಕ್ಲೋನ್ ಮರಿಗೆ ಮೂಲ ನಾಯಿಯಿಂದ ಬಾರದೇ ಇರುವುದು ಹೆಚ್ಚುಕಡಿಮೆ ಅದೊಂದೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಾಗಾಗಿ ನಾಯಿ ಬೇಕು ಅಂದರೆ ಕ್ರೋಮೋಸೋಮ್‌ಗಳು ಪೂರ್ತಿಯಾಗಿರುವ ಕೋಶ ಬೇಕು. ಸಾಮಾನ್ಯವಾಗಿ ಅಂದರೆ ಜೀವಂತ ಕೋಶ. ಇದಕ್ಕೊಂದು ಅಪವಾದ ಇದೆ. ಜಪಾನಿನ ತೆರುಹಿಕೊ ವಾಕಾಯಾಮಾ ಅವರ ತಂಡ 16 ವರ್ಷ ಫ್ರೀಜರಿನಲ್ಲಿ ಸುಮ್ನೆ ಬಿದ್ದಿದ್ದ ಇಲಿಗಳ ಸತ್ತ ಕೋಶಗಳ ನ್ಯೂಕ್ಲಿಯಸ್ (ಕ್ರೋಮೋಸೋಮ್‌ಗಳು ಇರುವ ಭಾಗ) ತೆಗೆದು, 2008ರಲ್ಲಿ ಕ್ಲೋನ್ ಮಾಡಿ ತೋರಿಸಿತು. ಆದರೆ ಅದು ಇಲಿ, ಕೈ ಪಳಗಿದ ತಂಡ, ದಾರಿಯೂ ಸುತ್ತುಬಳಸಿನದು. ಅದನ್ನು ನಂಬಿಕೊಂಡು ನಾಯಿಗೆ ಕೈ ಹಾಕುವವರಿಲ್ಲ.

ಚರ್ಮದ ಚೂರು ಸಿಕ್ಕರೆ ಲ್ಯಾಬ್‌ನಲ್ಲಿ ಮೊದಲು ಮಾಡುವುದು ಕೋಶಗಳನ್ನು ಬೆಳೆಸುವುದು. ಇದೂ ಒಂದು ಬಗೆಯ ಕ್ಲೋನಿಂಗೇ, ಒಂದು ಕೋಶದಿಂದ ಅಂಥದ್ದೇ ಕೋಶಗಳ ಗುಂಪು ಮಾಡುವುದು. ಬ್ಯಾಕ್ಟೀರಿಯಾದಷ್ಟು ಸಲೀಸಲ್ಲ. ಪ್ರಾಣಿಯ ಕೋಶ ಒಂಟಿಯಾದರೆ ಸಾಮಾನ್ಯವಾಗಿ ಬದುಕುವುದಿಲ್ಲ, ಅಕ್ಕಪಕ್ಕದ ಕೋಶಗಳು ಬಿಡುವ ರಾಸಾಯನಿಕಗಳು ಅದಕ್ಕೆ ಬೇಕು. 1955ರ ಹೊತ್ತಿಗೆ ಥಿಯೋಡರ್ ಪಕ್ ಮತ್ತು ಫಿಲಿಪ್ ಮಾರ್ಕಸ್ ಒಂದು ಉಪಾಯ ಮಾಡಿದರು. ಎಕ್ಸ್-ರೇ ಹಾಯಿಸಿ, ಇನ್ನು ಎರಡಾಗಲಾರದ ಆದರೆ ಬದುಕಿರುವ ಕೋಶಗಳನ್ನು ಕೆಳಗೆ ಹರಡಿ, ಅದರ ಮೇಲೆ ಒಂಟಿ ಕೋಶ ಬಿಟ್ಟರೆ ಅದು ಬೆಳೆಯಿತು. ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ ಇರುವ ಆಂಟಿಬಾಡಿಗಳು ಬರುವುದು ಇಂಥ ಒಂದೇ ಕೋಶದ ಸಂತಾನದಿಂದ. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಆ ದಾರಿ ತೋರಿಸಿದರು. ನಾಯಿಯ ವಿಷಯದಲ್ಲಿ ಬೆಳೆದ ಕೋಶಗಳನ್ನು ದ್ರವ ನೈಟ್ರೋಜನ್‌ನಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇಟ್ಟರೆ ವರ್ಷಗಟ್ಟಲೆ ಇರುತ್ತವೆ. ಇಲ್ಲಿಗೆ ಸುಲಭದ ಭಾಗ ಮುಗಿಯಿತು.

ಮುಂದಿನದು ಸೂಕ್ಷ್ಮದರ್ಶಕದ ಕೆಳಗಿನ ಕೆಲಸ. ನಾಯಿಯ ಅಂಡಾಣು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಅದನ್ನು ಎಡಗಡೆಯ ಗಾಜಿನ ಪಿಪೆಟ್ ಸಣ್ಣಗೆ ಹೀರಿ ಹಿಡಿದುಕೊಂಡಿರುತ್ತದೆ. ಬಲಗಡೆಯಿಂದ ಚೂಪಾದ ಇನ್ನೊಂದು ಪಿಪೆಟ್ ಹೊರಪದರ ಚುಚ್ಚಿ ಒಳಗೆ ಹೋಗುತ್ತದೆ. ಅಂಡಾಣುವಿನದೇ ಕ್ರೋಮೋಸೋಮ್‌ಗಳನ್ನು ಹೀರಿ ತೆಗೆಯಬೇಕು, ಆದರೆ ಉಳಿದ ಸಾರ ಹಾಗೇ ಇರಬೇಕು. ನಾಯಿಯ ಅಂಡಾಣುವಿನಲ್ಲಿ ಕೊಬ್ಬಿನ ಹನಿಗಳು ಜಾಸ್ತಿ, ಒಳಗೆ ಕಪ್ಪಗೆ ಕಾಣುತ್ತದೆ. ಕ್ರೋಮೋಸೋಮ್ ಎಲ್ಲಿದೆ ಅಂತ ಬರಿಗಣ್ಣಿಗಿರಲಿ, ಸೂಕ್ಷ್ಮದರ್ಶಕಕ್ಕೂ ಸುಲಭವಾಗಿ ಗೊತ್ತಾಗುವುದಿಲ್ಲ. ಹೊಳೆಯುವ ಬಣ್ಣ ಹಾಕಿ, ಅತಿನೇರಳೆ ಬೆಳಕನ್ನು ಒಂದೆರಡು ಕ್ಷಣ ಮಾತ್ರ ಬಿಟ್ಟು ನೋಡಬೇಕು. ಹೆಚ್ಚು ಹೊತ್ತು ಬಿಟ್ಟರೆ ಅಂಡಾಣುವೇ ಹಾಳು. ಖಾಲಿಯಾದ ಜಾಗದ ಹತ್ತಿರ, ಹೊರಪದರದ ಅಡಿಯಲ್ಲಿ, ಚರ್ಮದ ಒಂದು ಕೋಶ ಇಟ್ಟು ವಿದ್ಯುತ್ತಿನ ಸಣ್ಣ ಏಟು ಕೊಡುತ್ತಾರೆ. ಎರಡೂ ಬೆರೆತು ಒಂದಾಗುತ್ತವೆ. ಆಮೇಲೆ ರಾಸಾಯನಿಕ ಹಾಕಿ, ವೀರ್ಯಾಣು ಬಂದಿದೆ ಅನ್ನುವ ಭ್ರಮೆ ಹುಟ್ಟಿಸಿ, ಬೆಳೆಯುವಂತೆ ಮಾಡುತ್ತಾರೆ.

ಮೈಟೊಕಾಂಡ್ರಿಯಾದ ಮಾತು ಬಾಕಿ ಇತ್ತು. ನ್ಯೂಕ್ಲಿಯಸ್ ನಿಮ್ಮ ನಾಯಿಯದು, ಆದರೆ ಅಂಡಾಣುವಿನ ಸಾರದಲ್ಲಿರುವ ಲಕ್ಷಗಟ್ಟಲೆ ಮೈಟೊಕಾಂಡ್ರಿಯಾಗಳು ಬೇರೊಂದು ನಾಯಿಯವು. ಅವಕ್ಕೆ ತಮ್ಮದೇ ಪುಟ್ಟ ಡಿಎನ್ಎ ಇದೆ. ಹೆಸರಾಂತ ಕ್ಲೋನ್ ಕುರಿ ಡಾಲಿಯ ಮೈಟೊಕಾಂಡ್ರಿಯಾ ಡಿಎನ್ಎ ಕೂಡ ಅಂಡಾಣು ಕೊಟ್ಟ ಕುರಿಯದೇ ಆಗಿತ್ತು.

ಈಗ ನಿಜವಾದ ಕಷ್ಟ. ಚರ್ಮದ ಕೋಶದಲ್ಲಿ ಇಡೀ ನಾಯಿಗೆ ಬೇಕಾದ ಎಲ್ಲ ಜೀನ್‌ಗಳೂ ಇವೆ. ದೊಡ್ಡ ಮನೆಯ ಎಲ್ಲ ಕೋಣೆಗಳೂ ಇದ್ದ ಹಾಗೆ. ಆದರೆ ಚರ್ಮಕ್ಕೆ ಬೇಡದ ಕೋಣೆಗಳಿಗೆಲ್ಲ ಬೀಗ ಬಿದ್ದಿದೆ. ಡಿಎನ್ಎ ಮೇಲೆ, ಅದನ್ನು ಸುತ್ತಿಟ್ಟಿರುವ ಪ್ರೋಟೀನುಗಳ ಮೇಲೆ ಅಂಟಿಕೊಂಡ ರಾಸಾಯನಿಕ ಗುರುತುಗಳೇ ಆ ಬೀಗ. ಅವು ಇರುವುದಕ್ಕೇ ಚರ್ಮ ಚರ್ಮವಾಗಿ ಉಳಿದಿದೆ, ರಾತ್ರೋರಾತ್ರಿ ಲಿವರ್ ಆಗುವುದಿಲ್ಲ. ಅಂಡಾಣು ಈ ಬೀಗಗಳನ್ನು ತೆಗೆದು ಭ್ರೂಣಕ್ಕೆ ಬೇಕಾದ ಕೋಣೆಗಳನ್ನು ತೆರೆಯಬೇಕು, ಅದೂ ಮೊದಲ ಕೆಲವೇ ವಿಭಜನೆಗಳ ಒಳಗೆ. ವೀರ್ಯಾಣು ತರುವ ಡಿಎನ್ಎಯನ್ನು ಸಜ್ಜು ಮಾಡುವುದು ಅಂಡಾಣುವಿಗೆ ಗೊತ್ತು. ವರ್ಷಗಟ್ಟಲೆ ಚರ್ಮವಾಗಿ ಬಾಳಿದ ನ್ಯೂಕ್ಲಿಯಸ್ ಅದು ಕಂಡಿದ್ದೇ ಅಲ್ಲ.

ಕೆಲವು ಬೀಗ ತೆರೆಯುತ್ತವೆ, ಕೆಲವು ಹಾಗೇ ಉಳಿಯುತ್ತವೆ. ಮುಖ್ಯವಾದವು ಉಳಿದರೆ ಭ್ರೂಣ ನಿಂತುಹೋಗುತ್ತದೆ. ಕೆಲವು ಸಲ ಮಾಸು ಸರಿಯಾಗಿ ಬೆಳೆಯುವುದಿಲ್ಲ. ಕರು, ಕುರಿಮರಿಗಳು ಅತಿಯಾದ ಗಾತ್ರದಲ್ಲಿ ಹುಟ್ಟಿ ಉಸಿರಾಡಲಾಗದೆ ಸಾಯುವುದೂ ಇದೆ.

1962ರಲ್ಲಿ ಜಾನ್ ಗರ್ಡನ್ ಗೊದಮೊಟ್ಟೆಯ ಕರುಳಿನ ಕೋಶದ ನ್ಯೂಕ್ಲಿಯಸ್‌ನಿಂದ ಕಪ್ಪೆಗಳನ್ನು ಬೆಳೆಸಿದ್ದನ್ನು ಪ್ರಕಟಿಸಿದಾಗ, ಬೀಗ ತೆಗೆಯಬಹುದು ಅನ್ನುವುದು ಮೊದಲ ಸಲ ಗಟ್ಟಿಯಾಗಿ ಗೊತ್ತಾಯಿತು. ಅದಕ್ಕೆ ನೊಬೆಲ್ ಬಂದಿದ್ದು ಸರಿಯಾಗಿ 50 ವರ್ಷದ ನಂತರ, 2012ರಲ್ಲಿ. ಬೆಳೆದ ಸಸ್ತನಿಯಿಂದ ಇದು ಆಗುವುದಿಲ್ಲ ಅಂತಲೇ ಬಹಳ ಜನ ನಂಬಿದ್ದರು. ಸ್ಕಾಟ್ಲೆಂಡಿನ ರೋಸ್ಲಿನ್ ಇನ್‌ಸ್ಟಿಟ್ಯೂಟ್‌ನಲ್ಲಿ ಇಯಾನ್ ವಿಲ್ಮಟ್, ಕೀತ್ ಕ್ಯಾಂಪ್‌ಬೆಲ್ ತಂಡ ಆರು ವರ್ಷದ ಕುರಿಯೊಂದರ ಕೆಚ್ಚಲಿನ ಕೋಶ ತೆಗೆದುಕೊಂಡಿತು. ಅವಕ್ಕೆ ಕೆಲವು ದಿನ ಪೋಷಕಾಂಶ ಕಡಿಮೆ ಮಾಡಿ, ವಿಭಜನೆ ನಿಲ್ಲಿಸಿ, ತೆಪ್ಪಗಿರುವಂತೆ ಮಾಡಿದರು. ಅಂಥ ಕೋಶದ ನ್ಯೂಕ್ಲಿಯಸ್ ಅಂಡಾಣುವಿನ ಮಾತು ಕೇಳುತ್ತದೆ ಅನ್ನುವುದು ಕ್ಯಾಂಪ್‌ಬೆಲ್ ಅವರ ಯೋಚನೆ. 277 ಅಂಡಾಣುಗಳಲ್ಲಿ ಕೋಶ ಬೆರೆಸಿದರು. 29 ಭ್ರೂಣಗಳು 13 ಕುರಿಗಳ ಗರ್ಭಕ್ಕೆ ಹೋದವು. 1996ರ ಜುಲೈ 5ರಂದು ಹುಟ್ಟಿದ್ದು ಒಂದೇ ಮರಿ, ಡಾಲಿ.

ನಾಯಿಯದು ಇನ್ನೂ ಕಷ್ಟ. ಹೆಣ್ಣುನಾಯಿ ಬೆದೆಗೆ ಬರುವುದು ವರ್ಷಕ್ಕೆ ಒಂದೆರಡು ಸಲ ಮಾತ್ರ. ಅಂಡಾಣು ಪಕ್ವವಾಗುವ ಮೊದಲೇ ಅಂಡಾಶಯದಿಂದ ಹೊರಬಂದು, ಎರಡು ಮೂರು ದಿನ ನಾಳದೊಳಗೆ ಹಣ್ಣಾಗುತ್ತದೆ. ಲ್ಯಾಬ್‌ನಲ್ಲಿ ಅದನ್ನು ಹಣ್ಣು ಮಾಡುವುದು ಸರಿಯಾಗಿ ಆಗುವುದಿಲ್ಲ. ಹಾಗಾಗಿ ಸಮಯ ನೋಡಿಕೊಂಡು ಆಪರೇಷನ್ ಮಾಡಿ ತೊಳೆದು ತೆಗೆಯಬೇಕು. 2005ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಹುಟ್ಟಿದ ಸ್ನಪ್ಪಿ ಮೊದಲ ಕ್ಲೋನ್ ನಾಯಿ. ಅದಕ್ಕಾಗಿ 1095 ಭ್ರೂಣಗಳನ್ನು 123 ಹೆಣ್ಣುನಾಯಿಗಳಿಗೆ ಹಾಕಿದ್ದರು. ಹುಟ್ಟಿದ್ದು ಎರಡು ಮರಿ, ಉಳಿದಿದ್ದು ಒಂದು. ಆ ತಂಡದ ಮುಖ್ಯಸ್ಥರ ಮಾನವ ಕಾಂಡಕೋಶದ ಸಂಶೋಧನೆ ಆಮೇಲೆ ಮೋಸ ಅಂತ ಬಯಲಾಯಿತು, ಆದರೆ ತನಿಖೆಯಲ್ಲಿ ಸ್ನಪ್ಪಿ ನಿಜವಾದ ಕ್ಲೋನ್ ಅಂತಲೇ ಗೊತ್ತಾಯಿತು. ಈಗ ಲೆಕ್ಕ ಸುಧಾರಿಸಿದೆ. ಸ್ನಪ್ಪಿಯದೇ ಕೋಶಗಳಿಂದ ಮತ್ತೆ ಕ್ಲೋನ್ ಮಾಡಿದಾಗ 94 ಭ್ರೂಣ, ಏಳು ನಾಯಿ, ನಾಲ್ಕು ಮರಿ. ಅದರಲ್ಲೂ ಒಂದು ಕೆಲವೇ ದಿನದಲ್ಲಿ ಸತ್ತಿತು. ಚೀನಾದಲ್ಲಿ 2018ರಲ್ಲಿ ಪ್ರಕಟವಾದ ಕೋತಿಗಳ ಕ್ಲೋನಿಂಗ್‌ನಲ್ಲಿ ಬೀಗ ತೆಗೆಯುವ ಕಿಣ್ವ ತಯಾರಿಸುವ ಸೂಚನೆಯನ್ನೇ ಹೊರಗಿನಿಂದ ಕೊಟ್ಟಿದ್ದರು. ಆದರೂ 79 ಭ್ರೂಣಕ್ಕೆ ಉಳಿದಿದ್ದು ಎರಡೇ ಮರಿ. ಅವೂ ಭ್ರೂಣಾವಸ್ಥೆಯ ಕೋಶದಿಂದ ಬಂದವು, ಬೆಳೆದ ಕೋತಿಯಿಂದಲ್ಲ.

"ಕ್ಲೋನ್ ಬೇಗ ಮುದಿಯಾಗುತ್ತದಂತೆ, ಡಾಲಿ ಅದಕ್ಕೇ ಸತ್ತಳಂತೆ" ಅಂತ ಕೇಳಿರುತ್ತೀರಿ. ಡಾಲಿ 2003ರಲ್ಲಿ ಸತ್ತಿದ್ದು ಕುರಿಗಳಿಗೆ ವೈರಸ್‌ನಿಂದ ಬರುವ ಶ್ವಾಸಕೋಶದ ಗೆಡ್ಡೆಯಿಂದ. ಅದೇ ಕೋಶಗಳಿಂದ ಆಮೇಲೆ ಹುಟ್ಟಿದ ನಾಲ್ಕು ಕುರಿಗಳನ್ನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಯಸ್ಸಾಗುವವರೆಗೂ ಸಾಕಿ ಪರೀಕ್ಷೆ ಮಾಡಿದರು. ಆ ವಯಸ್ಸಿಗೆ ಚೆನ್ನಾಗಿಯೇ ಇದ್ದವು ಅಂತ 2016ರಲ್ಲಿ ವರದಿ ಬಂತು. ಅಪಾಯ ಇರುವುದು ಗರ್ಭದಲ್ಲಿ ಮತ್ತು ಹುಟ್ಟಿದ ಮೊದಲ ದಿನಗಳಲ್ಲಿ. ಅದನ್ನು ದಾಟಿದ ಮರಿ ಸಾಮಾನ್ಯವಾಗಿ ಉಳಿದ ಪ್ರಾಣಿಗಳ ಹಾಗೇ ಬಾಳುತ್ತದೆ.

"ನಮ್ಮ ನಾಯಿಯೇ ಆಗಿರುತ್ತದಾ" ಅಂತ ಕೇಳಿದ್ದೀರಿ. ಮೊದಲ ಕ್ಲೋನ್ ಬೆಕ್ಕು ಸಿಸಿಯನ್ನು ನೋಡಿ. 2001ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹುಟ್ಟಿತು. ಅದರ ಮೂಲ, ರೇನ್‌ಬೋ ಅನ್ನುವ ಬೆಕ್ಕು, ಮೂರು ಬಣ್ಣದ್ದು. ಕಪ್ಪು, ಕಿತ್ತಳೆ, ಬಿಳಿ. ಸಿಸಿಯ ಮೈಮೇಲೆ ಕಿತ್ತಳೆ ಬಣ್ಣವೇ ಇರಲಿಲ್ಲ! ಹೆಣ್ಣು ಬೆಕ್ಕಿನಲ್ಲಿ ಎರಡು ಎಕ್ಸ್ ಕ್ರೋಮೋಸೋಮ್ ಇರುತ್ತವೆ. ಕಿತ್ತಳೆ ಬಣ್ಣ ಬರುತ್ತದೋ ಇಲ್ಲವೋ ಅನ್ನುವುದು ಎಕ್ಸ್ ಮೇಲಿರುತ್ತದೆ. ಪ್ರತಿ ಕೋಶವೂ ಎರಡರಲ್ಲಿ ಒಂದು ಎಕ್ಸ್ ಅನ್ನು ಮುಚ್ಚಿಬಿಡುತ್ತದೆ, ಯಾವುದನ್ನು ಅನ್ನುವುದು ಅದೃಷ್ಟದ ಮೇಲೆ. ಅದಕ್ಕೇ ಮೂರು ಬಣ್ಣದ ತೇಪೆಗಳು. ಸಿಸಿ ಹುಟ್ಟಿದ್ದು ಒಂದೇ ಕೋಶದಿಂದ. ಆ ಕೋಶ ಕಿತ್ತಳೆಯ ಎಕ್ಸ್ ಅನ್ನು ಮುಚ್ಚಿತ್ತು, ಆ ಬೀಗ ತೆರೆಯಲೇ ಇಲ್ಲ. ಡಿಎನ್ಎ ಅದೇ, ಬೆಕ್ಕು ನೋಡಲು ಬೇರೆ. ನಾಯಿಯಲ್ಲೂ ಬಿಳಿ ಮಚ್ಚೆಗಳು ಎಲ್ಲಿ ಬೀಳುತ್ತವೆ ಅನ್ನುವುದು ಭ್ರೂಣದಲ್ಲಿ ಬಣ್ಣದ ಕೋಶಗಳು ಹರಡುವ ರೀತಿಯ ಮೇಲಿದೆ, ಪ್ರತಿ ಸಲ ಒಂದೇ ಥರ ಆಗುವುದಿಲ್ಲ. ಎತ್ತರ, ಮೂತಿ, ಕಿವಿ, ಸ್ವಭಾವದ ಒಂದಿಷ್ಟು ಭಾಗ ಹೋಲಬಹುದು. ಬಾಗಿಲ ಸದ್ದಿಗೆ ಓಡಿ ಬರುವುದು, ನಿಮ್ಮ ದನಿ ಗುರುತಿಸುವುದು, ಅವೆಲ್ಲ ಅದು ನಿಮ್ಮ ಜೊತೆ 13 ವರ್ಷ ಇದ್ದು ಕಲಿತದ್ದು. ಅದು ಡಿಎನ್ಎಯಲ್ಲಿ ಬರೆದಿಲ್ಲ.

ಪ್ರಾಣಿಗಳ ಕ್ಲೋನಿಂಗ್ ಬೇಡವೇ ಬೇಡ ಅನ್ನುವವನಲ್ಲ ನಾನು. ಅಮೆರಿಕದ ಕಪ್ಪುಕಾಲಿನ ಫೆರೆಟ್ ಅನ್ನುವ ಮುಂಗುಸಿ ಗಾತ್ರದ ಪ್ರಾಣಿಯನ್ನು ತೆಗೆದುಕೊಳ್ಳಿ. ಕ್ಲೋನಿಂಗ್‌ಗೆ ಮೊದಲು ಉಳಿದಿದ್ದವೆಲ್ಲ ಏಳೇ ಏಳು ಪ್ರಾಣಿಗಳ ಸಂತಾನ. ಆ ಏಳರಲ್ಲಿ ಇಲ್ಲದ ವಿಲ್ಲಾ ಅನ್ನುವ ಫೆರೆಟ್‌ನ ಕೋಶಗಳನ್ನು 1988ರಲ್ಲೇ ಫ್ರೀಜ್ ಮಾಡಿಟ್ಟಿದ್ದರು. 2020ರಲ್ಲಿ ಅದರ ಕ್ಲೋನ್ ಹುಟ್ಟಿತು. ಆಮೇಲೆ ಹುಟ್ಟಿದ ಇನ್ನೊಂದು ಕ್ಲೋನ್, ಆಂಟೋನಿಯಾ, 2024ರಲ್ಲಿ ಮರಿ ಹಾಕಿತು. ಕಳೆದೇಹೋಗಿದ್ದ ಜೀನ್‌ಗಳು ಗುಂಪಿಗೆ ವಾಪಸ್ ಬಂದವು. ಅಲ್ಲಿ ಬೇಕಾಗಿದ್ದು ಡಿಎನ್ಎ, ಸಿಕ್ಕಿದ್ದೂ ಡಿಎನ್ಎ. ನಿಮಗೆ ಬೇಕಾಗಿರುವುದು ಆ ನಾಯಿ. ಅದಕ್ಕೇ ಸಾಕುಪ್ರಾಣಿಯ ಕ್ಲೋನಿಂಗ್ ನನಗೆ ಒಪ್ಪಿಗೆಯಿಲ್ಲ. ಒಂದು ಮರಿಗಾಗಿ ಎಷ್ಟೋ ಹೆಣ್ಣುನಾಯಿಗಳು ಆಪರೇಷನ್ ಟೇಬಲ್ ಹತ್ತಬೇಕು.

ಮುಂದೆ ಇನ್ನೊಂದು ನಾಯಿ ಸಾಕಿ, ಆಗಲೂ ಇದೇ ಯೋಚನೆ ಬಂದರೆ ಇಷ್ಟು ನೆನಪಿಡಿ. ಚರ್ಮದ ಚೂರನ್ನು ಬದುಕಿರುವಾಗಲೇ ಪಶುವೈದ್ಯರಿಂದ ತೆಗೆಸುವುದು ಒಳ್ಳೆಯದು. ಸತ್ತ ಮೇಲೆ ಆದರೆ ದೇಹವನ್ನು ತಣ್ಣಗಿನ ಫ್ರಿಜ್‌ನಲ್ಲಿ ಇಡಬೇಕು, ಫ್ರೀಜರಿನಲ್ಲಿ ಇಡಬಾರದು. ನೀರು ಮಂಜುಗಡ್ಡೆಯಾಗಿ ಕೋಶಗಳನ್ನು ಒಡೆದುಹಾಕುತ್ತದೆ. ಹಣ ಕೊಡುವ ಮೊದಲು ಕಂಪನಿಯವರನ್ನು ಕೆಲವು ಮಾತು ಕೇಳಿ. ಒಂದು ಮರಿಗೆ ಎಷ್ಟು ನಾಯಿಗಳಿಂದ ಅಂಡಾಣು ತೆಗೆಯುತ್ತೀರಿ? ಎಷ್ಟು ನಾಯಿಗಳ ಗರ್ಭಕ್ಕೆ ಹಾಕುತ್ತೀರಿ? ಆ ನಾಯಿಗಳು ಆಮೇಲೆ ಎಲ್ಲಿರುತ್ತವೆ? ಒಂದರ ಬದಲು ಮೂರು ಮರಿ ಹುಟ್ಟಿದರೆ, ಅಥವಾ ಕಾಯಿಲೆಯ ಮರಿ ಹುಟ್ಟಿದರೆ, ಅದನ್ನು ಏನು ಮಾಡುತ್ತೀರಿ? ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.